ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಾದರೆ

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಅದರ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದೇ ಗೊತ್ತುಪಡಿಸಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅಲ್ಲಿ ಜೌಗು, ಸವಳು ಹೆಚ್ಚಿದರೆ, ರಾಯಚೂರು ಕಡೆಯ ಕೊನೆಯ ಹೊಲಗಳು ನೀರಿಗೆ ಬಾಯಿ ಬಿಟ್ಟವು. ಗೊತ್ತಾದ ಬೆಳೆಯನ್ನೇ ಬೆಳೆಯಬೇಕೆಂಬ ಆಜ್ಞೆ ಇದ್ದೇ ಇತ್ತು, ಪಾಲಿಸುವವರಿರಲಿಲ್ಲ. ರಾತ್ರಿ ಹೊತ್ತು ತೂಬು ತೆರೆಯುವವರನ್ನು ಒಬ್ಬ ನೀರುಗಂಟಿ ಎಷ್ಟೆಂದು ಕಾದಾನು?

1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ತಂದ ತಿದ್ದುಪಡಿ ಬೇರೊಂದು ದಾರಿ ತೋರಿಸಿತು. ನೀರು ಬಳಕೆದಾರರ ಸಹಕಾರ ಸಂಘವು ಇಲಾಖೆಯಿಂದ ನೀರನ್ನು ಅಳೆದು ಪಡೆದು ರೈತರಿಗೆ ಹಂಚಬಹುದು. ನೀರಿನ ಕರ ವಸೂಲಿ, ಹಂಚುಗಾಲುವೆಯ ದುರಸ್ತಿಯೂ ಸಂಘದ ಹೊಣೆ.

ಆದರೆ ಸಂಘದ ಬೋರ್ಡು ತೂಗಿದ ಮಾತ್ರಕ್ಕೆ ಕೆಲಸವಾಗದು. ಅಧಿಕಾರಿಯ ದರ್ಪವನ್ನೇ ಅಧ್ಯಕ್ಷರೂ ನಡೆಸಿದರೆ ಕೊನೆಯ ರೈತನಿಗೆ ಏನು ಬಂತು? ಹಂಗಾಮಿಗೆ ಮೊದಲೇ ಸಭೆ ಸೇರಬೇಕು. ಇಂಜಿನಿಯರರು ಅಲ್ಲಿಗೆ ಬಂದು ಜಲಾಶಯದ ನೀರಿನ ಲೆಕ್ಕವನ್ನು ರೈತರ ಮುಂದಿಡಬೇಕು. ಮೇಲಿನವರೂ ಕೆಳಗಿನವರೂ ಕೂಡಿ ಕಾಲುವೆಯುದ್ದಕ್ಕೂ ನಡೆದು ನೋಡಿ ಸರದಿ ಗೊತ್ತುಮಾಡಬೇಕು. ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಚಾವಡಿಯಲ್ಲಿ ಹಚ್ಚಬೇಕು. ಆಡಳಿತ ಮಂಡಳಿಯಲ್ಲಿ ಕೊನೆಯ ಭಾಗದವರ ಮಾತಿಗೂ ಬೆಲೆಯಿರಬೇಕು.

ತಾನೂ ಕೂಡಿ ಮಾಡಿದ ಕಟ್ಟಳೆಯನ್ನು ಮುರಿಯಲು ರೈತ ಹಿಂಜರಿಯುತ್ತಾನೆ. ಮುರಿದವನನ್ನು ನೆರೆಹೊಲದವನೇ ಕೇಳುತ್ತಾನೆ. ಈ ಹಂಗಾಮಿಗೆ ನಿಮ್ಮ ಸಂಘದ ಸಭೆ ಕರೆದಿದ್ದಾರೆಯೇ? ಇಲ್ಲವಾದರೆ ರೈತ ಬಾಂಧವರು ತಾವೇ ಹೋಗಿ ಕೇಳಲಿ.