ಮದುವೆ ಕಾಗದದಲ್ಲಿ ವಾಲಗದವರ ಹೆಸರು ಯಾಕಿಲ್ಲ?

ಮೊನ್ನೆ ಒಂದು ಸಂಜೆ ಉದ್ಯಾವರದಲ್ಲಿ, ಪಾಪನಾಶಿನಿ ಹೊಳೆ ಬದಿಯಲ್ಲಿ ನಾವು ಐದಾರು ಮಂದಿ ಕೂತಿದ್ದೆವು. ಮಾತು ಎಲ್ಲೆಲ್ಲೋ ಹೋಗಿ ಹಾಡಿಗೆ ಬಂತು. ನಿನಗೆ ಯಾರಿಷ್ಟ, ನಿನಗೆ ಯಾರಿಷ್ಟ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆವು.

ಒಬ್ಬ ತಡಮಾಡದೆ ಗುಂಡ್ಮಿ ಕಾಳಿಂಗ ನಾವಡರ ಹೆಸರು ಹೇಳಿದ. ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ಇವನು ಆಗ ಹುಟ್ಟಿಯೇ ಇರಲಿಲ್ಲ. ಅಪ್ಪನ ಕ್ಯಾಸೆಟ್ಟಿನಲ್ಲಿ ಕೇಳಿದ ಸ್ವರ, ಈಗ ಫೋನಿನಲ್ಲಿ ಕೇಳುತ್ತಾನೆ. ಇನ್ನೊಬ್ಬನಿಗೆ ತೆಂಕಿನ ಬಲಿಪ ನಾರಾಯಣ ಭಾಗವತರೇ ಆಗಬೇಕು. ನಮ್ಮ ಗೆಳತಿಯೊಬ್ಬಳು ಲೀಲಾವತಿ ಬೈಪಾಡಿತ್ತಾಯರ ಹೆಸರು ಹೇಳಿದಳು. ಗಂಡಸರೇ ತುಂಬಿದ್ದ ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಭಾಗವತರಾಗಿ ಕೂತು ಹಾಡಿದ ಹೆಂಗಸು ಅವರು. ಕೊಂಕಣಿ ಮನೆಯ ಗೆಳೆಯನಿಗೆ ವಿಲ್ಫಿ ರೆಬಿಂಬಸ್ ಬಿಟ್ಟರೆ ಬೇರೆಯವರಿಲ್ಲ. ಒಬ್ಬಳಿಗೆ ಬೆಳಗ್ಗೆ ಅಮ್ಮ ಹಾಕುವ ವಿದ್ಯಾಭೂಷಣರ ದಾಸರ ಪದ. ಕೊನೆಯವನು ಮೆಲ್ಲಗೆ, "ನನಗೆ ಅರಿಜಿತ್ ಸಿಂಗ್ ಮಾರಾಯ್ರೆ" ಅಂದ. ಎಲ್ಲರೂ ನಕ್ಕೆವು.

ನಗು ನಿಂತ ಮೇಲೆ ಅವನೇ ಒಂದು ಪ್ರಶ್ನೆ ಕೇಳಿದ. "ಹೋದ ವಾರ ನೇಮದಲ್ಲಿ ಬೆಳಗಿನ ಜಾವ ಸ್ಯಾಕ್ಸೋಫೋನ್ ಬಾರಿಸಿದರಲ್ಲ, ನೀವೆಲ್ಲ ವಿಡಿಯೋ ಮಾಡಿ ಸ್ಟೇಟಸ್ ಹಾಕಿದಿರಲ್ಲ, ಅವರು ಯಾರು?"

ಒಬ್ಬರಿಗೂ ಗೊತ್ತಿರಲಿಲ್ಲ.

ನಾವು ಪತ್ರಿಕೋದ್ಯಮ ಓದಿದವರು. ಸುದ್ದಿ ಬರೆಯುವಾಗ ಮೊದಲು 'ಯಾರು' ಎಂದು ಕೇಳಬೇಕು ಅಂತ ಕಲಿತವರು. ನಮ್ಮ ಸ್ಟೇಟಸ್ಸಿನಲ್ಲಿ ದೈವದ ಹೆಸರಿತ್ತು, ಊರಿನ ಹೆಸರಿತ್ತು, ಬೆಂಕಿಯ ಚಿತ್ರವೂ ಇತ್ತು. ಇಡೀ ರಾತ್ರಿ ಕೆನ್ನೆ ಊದಿಸಿ ಬಾರಿಸಿದವರ ಹೆಸರು ಮಾತ್ರ ಇರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ಸ್ಯಾಕ್ಸೋಫೋನಿನ ಕತೆ ನೋಡಿ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವರು ಅದನ್ನು ಮಾಡಿ, ಪೇಟೆಂಟ್ ಪಡೆದದ್ದು 1846ರಲ್ಲಿ. ಅಲ್ಲಿಯ ಮಿಲಿಟರಿ ಬ್ಯಾಂಡುಗಳಲ್ಲಿ ಬಾರಿಸುತ್ತಿದ್ದ ವಾದ್ಯ. ಇವತ್ತು ನಮ್ಮ ಕರಾವಳಿಯಲ್ಲಿ ಅದಿಲ್ಲದೆ ದಿಬ್ಬಣ ಹೊರಡುವುದಿಲ್ಲ, ಎಷ್ಟೋ ಕಡೆ ನೇಮವೂ ನಡೆಯುವುದಿಲ್ಲ. ಅಜ್ಜಿಯಂದಿರು ಕೂಡ ಅದನ್ನು ವಾಲಗ ಎಂದೇ ಕರೆಯುತ್ತಾರೆ. ವಿದೇಶದ ವಾದ್ಯ ಅಂತ ಯಾರಿಗೂ ಅನ್ನಿಸುವುದಿಲ್ಲ.

ಇದು ಹೀಗಾದದ್ದರಲ್ಲಿ ಕದ್ರಿ ಗೋಪಾಲನಾಥರ ಪಾಲು ದೊಡ್ಡದು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಗೋಪಾಲನಾಥರು ಮರುಳಾದರು. ಕರ್ನಾಟಕ ಸಂಗೀತದ ಗಮಕ ಅದರಲ್ಲಿ ಹೊರಡಬೇಕು ಎಂದು ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯವನ್ನೇ ಅದಕ್ಕೆ ತಕ್ಕಂತೆ ತಿದ್ದಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಬಾರಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಗೋಪಾಲನಾಥರ ಹೆಸರು ನಮಗೆಲ್ಲ ಗೊತ್ತು. ಆದರೆ ಅವರು ಬಂದದ್ದು ಎಲ್ಲಿಂದ? ದೇವಸ್ಥಾನದ ಬಾಗಿಲಲ್ಲಿ, ಮದುವೆ ಚಪ್ಪರದಲ್ಲಿ ತಲೆಮಾರುಗಳಿಂದ ಊದಿದವರ ಮನೆಗಳಿಂದ. ಅಂಥ ಮನೆಗಳು ನಮ್ಮ ಸುತ್ತಮುತ್ತ ಈಗಲೂ ಇವೆ. ಆ ಮನೆಗಳ ಹುಡುಗರು ಈಗಲೂ ಅಭ್ಯಾಸ ಮಾಡುತ್ತಾರೆ. ಅವರನ್ನು ನಾವು ಕರೆಯುವುದು ಮಾತ್ರ "ವಾಲಗದವರು", "ಬ್ಯಾಂಡಿನವರು", "ಸೆಟ್ಟಿನವರು" ಎಂದು.

ಇದು ನಮ್ಮ ಊರಿನ ಪದ್ಧತಿಯೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಯಕ್ಷಗಾನದ ಕರಪತ್ರ ತೆಗೆದು ನೋಡಿ. ಹಿಮ್ಮೇಳ ಎಂದು ಬರೆದು ಭಾಗವತರು ಯಾರು, ಚೆಂಡೆ ಯಾರು, ಮದ್ದಳೆ ಯಾರು ಎಂದು ಹೆಸರು ಹಾಕಿರುತ್ತಾರೆ. ಆಮೇಲೆ ಮುಮ್ಮೇಳ. ಆ ಹೆಸರು ನೋಡಿಯೇ ನಾವು ಆಟಕ್ಕೆ ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸುತ್ತೇವೆ. ಚಹಾದಂಗಡಿಯಲ್ಲಿ ಕೂತು ಇಂಥವರ ಪದ ಚಂದವೋ ಅಂಥವರದ್ದೋ ಎಂದು ಗಂಟೆಗಟ್ಟಲೆ ಜಗಳ ಮಾಡುತ್ತೇವೆ.

ವಾಲಗದ ಬಗ್ಗೆ ಅಂಥ ಜಗಳ ಯಾಕಿಲ್ಲ? ಕಿವಿ ಇಲ್ಲದೆ ಅಲ್ಲ. ಧಾರೆಯ ಹೊತ್ತಿಗೆ ಯಾರೋ ಚಂದ ಊದಿದರೆ ಊಟದ ಪಂಕ್ತಿಯಲ್ಲಿ ಕೂತವರು ಕೂಡ ತಲೆ ಎತ್ತುತ್ತಾರೆ. ಆದರೆ ಹೆಸರು ಗೊತ್ತಿಲ್ಲದಿದ್ದರೆ ಮತ್ತೆ ಹುಡುಕುವುದು ಹೇಗೆ, ಇನ್ನೊಬ್ಬರೊಂದಿಗೆ ಹೋಲಿಸುವುದು ಹೇಗೆ? ಇಷ್ಟ ಎಂದು ಹೇಳುವುದಾದರೂ ಯಾರನ್ನು? ಹೆಸರಿದ್ದರೆ ಮಾತ್ರ ಅಭಿರುಚಿ ಬೆಳೆಯುತ್ತದೆ.

ಮದುವೆ ಕಾಗದದಲ್ಲಿ ಅಜ್ಜನ ಹೆಸರು, ಮಾವನ ಹೆಸರು, ಹಾಲಿನ ಹೆಸರು ಎಲ್ಲ ಇರುತ್ತದೆ. ನೇಮದ ಆಮಂತ್ರಣದಲ್ಲಿ ಅನ್ನದಾನ ಕೊಟ್ಟವರ ಪಟ್ಟಿ ಇರುತ್ತದೆ. ಮೆಹಂದಿಗೆ ಬರುವ ಡಿಜೆ ಹೆಸರು ಬ್ಯಾನರಿನಲ್ಲಿ ದೊಡ್ಡದಾಗಿ ಬರುತ್ತದೆ. ಡಿಜೆ ಮೇಲೆ ನಮಗೆ ಸಿಟ್ಟಿಲ್ಲ, ನಾವೂ ಕುಣಿದವರೇ. ಆದರೆ ಅವರಿಗೆ ಕೇಳಿದಷ್ಟು ಕೊಟ್ಟು, ವಾಲಗದವರ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಹೆಸರಿಲ್ಲದವರ ಹತ್ತಿರ ಚೌಕಾಸಿ ಸುಲಭ.

ಇನ್ನೂ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯ ಕೊರಗರ ಡೋಲು, ಕೊಳಲು ಕೇಳಿದವರಿಗೆ ಅದರ ಸೊಗಸು ಗೊತ್ತು. ಆದರೆ ತುಂಬಾ ಕಾಲ ಆ ಡೋಲನ್ನು ಕೇಳಿಸಿಕೊಂಡದ್ದು ಸಂಗೀತ ಎಂದಲ್ಲ. ಅಜಲು ಪದ್ಧತಿಯ ಹೆಸರಲ್ಲಿ ಅವರಿಂದ ಬಲವಂತವಾಗಿ ಬಾರಿಸಿದರು, ಅವಮಾನವನ್ನೇ ಸಂಪ್ರದಾಯ ಎಂದರು. 2000ದಲ್ಲಿ ಸರ್ಕಾರ ಕಾನೂನು ತಂದು ಅಜಲನ್ನು ನಿಷೇಧಿಸಿತು. ಮಣಿಪಾಲದ ಹತ್ತಿರ ಹಿರೇಬೆಟ್ಟಿನ ಗುರುವ ಕೊರಗರಿಗೆ ಡೋಲು ವಾದನಕ್ಕಾಗಿ ರಾಜ್ಯೋತ್ಸವ ಪ್ರಶಸ್ತಿ ಬಂದಾಗ ಆ ಡೋಲಿನ ಹಿಂದೆ ಒಬ್ಬ ಕಲಾವಿದರ ಹೆಸರು ನಿಂತಿತು. ಬಲವಂತದ ಡೋಲಿಗೂ ಕಲಾವಿದರ ಡೋಲಿಗೂ ವ್ಯತ್ಯಾಸ ಇಷ್ಟೆ: ಬಾರಿಸಬೇಕೋ ಬೇಡವೋ ಎಂಬುದು ಅವರ ಇಷ್ಟ, ಬಾರಿಸಿದರೆ ಅದು ಅವರ ಹೆಸರಿನಲ್ಲಿ.

"ಹೆಸರು ಹಾಕಿದರೆ ಹೊಟ್ಟೆ ತುಂಬುತ್ತದಾ?" ಎಂದು ಕೇಳುವವರಿದ್ದಾರೆ. ಒಂದೇ ದಿನದಲ್ಲಿ ತುಂಬುವುದಿಲ್ಲ, ನಿಜ. ಆದರೆ ಕಾಗದ ಓದಿದ ಹತ್ತು ಮನೆಯವರಲ್ಲಿ ಒಬ್ಬರು ಮುಂದಿನ ಮದುವೆಗೆ ಅವರನ್ನೇ ಹುಡುಕಿ ಫೋನ್ ಮಾಡುತ್ತಾರೆ. ಆಗ ಬೆಲೆ ಹೇಳುವ ಬಾಯಿ ಅವರದ್ದಾಗುತ್ತದೆ. ಅವರ ಮಕ್ಕಳಿಗೂ ಶಾಲೆಯಲ್ಲಿ ಆ ಕಾಗದ ತೋರಿಸಿ, ಇದು ನನ್ನ ಅಪ್ಪ ಎನ್ನಬಹುದು. ಮುಂದಿನ ತಲೆಮಾರು ವಾದ್ಯ ಹಿಡಿಯುತ್ತದೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧ ಇದೆ ಎಂದೇ ನಾವು ನಂಬುತ್ತೇವೆ.

ನಮ್ಮ ಉದ್ಯಾವರ ಒಂದು ಕಾಲಕ್ಕೆ ಆಳುಪರ ರಾಜಧಾನಿ. ಇಲ್ಲಿಯ ಹಳೆಯ ಕಲ್ಲುಗಳಲ್ಲಿ ರಾಜರ ಹೆಸರಷ್ಟೇ ಇಲ್ಲ, ಅವರಿಗಾಗಿ ಕಾದಾಡಿ ಸತ್ತ ವೀರರ ಹೆಸರೂ ಇದೆ. ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೆತ್ತಿದ ಊರಿನವರು ನಾವು. ಕಾಗದದಲ್ಲಿ ಒಂದು ಸಾಲು ಅಚ್ಚು ಹಾಕಿಸುವುದು ಕಷ್ಟವಾ?

ನಾವು ಮಾಡಲು ಹೊರಟದ್ದು ಮೂರು ಕೆಲಸ. ನಮ್ಮ ಮನೆಯ ಕಾರ್ಯಕ್ರಮಗಳ ಕಾಗದದಲ್ಲಿ ಬಾರಿಸುವವರ ಹೆಸರು ಹಾಕಿಸುತ್ತೇವೆ, ಅವರಲ್ಲಿ ಕೇಳಿ, ಒಪ್ಪಿದರೆ. ಸ್ಟೇಟಸ್ ಹಾಕುವ ಮೊದಲು ಹತ್ತಿರ ಹೋಗಿ "ನಿಮ್ಮ ಹೆಸರೇನು, ಯಾವ ಊರು" ಎಂದು ಕೇಳುತ್ತೇವೆ. ಊಟಕ್ಕೆ ಎಲ್ಲರೊಂದಿಗೆ ಪಂಕ್ತಿಯಲ್ಲೇ ಕೂರಿಸುತ್ತೇವೆ. ನೀವೂ ಮಾಡಿ.

ಅಂದ ಹಾಗೆ, ಆ ನೇಮದಲ್ಲಿ ಬಾರಿಸಿದವರನ್ನು ನಾವು ಆಮೇಲೆ ಹುಡುಕಿದೆವು. ಅವರ ಅಪ್ಪಣೆ ಇನ್ನೂ ಕೇಳಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಆದರೆ ಇನ್ನು ಮುಂದೆ ಹೊಳೆ ಬದಿಯಲ್ಲಿ ಯಾರಾದರೂ "ನಿನಗೆ ಯಾರಿಷ್ಟ" ಎಂದು ಕೇಳಿದರೆ, ನಮ್ಮಲ್ಲಿ ಒಬ್ಬನಾದರೂ ಅವರ ಹೆಸರು ಹೇಳುತ್ತಾನೆ.