ಮಕ್ಕಳನ್ನು ಪಾಲು ಹಾಕುವ ಪಂಚಾಯಿತಿ ಸಾಕು

ಗಂಡ ಹೆಂಡತಿ ಬೇರೆಯಾದರೆ ನಮ್ಮ ಕಡೆ ಮೊದಲು ಪಂಚಾಯಿತಿ ಸೇರುವುದು ಅರಳಿಕಟ್ಟೆಯಲ್ಲಿ. ಬಂಗಾರ, ಪಾತ್ರೆ, ಮದುವೆ ಖರ್ಚಿನ ಲೆಕ್ಕವೆಲ್ಲ ಮುಗಿದ ಮೇಲೆ ಮಕ್ಕಳ ಸರದಿ. 'ಗಂಡು ಅಪ್ಪನಿಗೆ, ಹೆಣ್ಣು ಅವ್ವನಿಗೆ.' ಐದು ನಿಮಿಷದಲ್ಲಿ ತೀರ್ಮಾನ. ಎಮ್ಮೆ ಹಂಚುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಂಥ ಒಂದು ಪಂಚಾಯಿತಿಗೆ ನಾವೂ ಹೋಗಿದ್ದೆವು. 'ಹಿರಿಯರ ಸಂಧಾನ, ವಿವಾದ ಸುಖಾಂತ್ಯ' ಅಂತ ಸುದ್ದಿ ಕಳಿಸಿದವರೂ ನಾವೇ. ವರ್ಷದ ನಂತರ ಅದೇ ಊರಿನಲ್ಲಿ ಆ ಮನೆಯ ಹುಡುಗಿ ಸಿಕ್ಕಳು. ಐದನೇ ಕ್ಲಾಸು. ಮೊರಾರ್ಜಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಜಾತಿ, ಆದಾಯ ಪ್ರಮಾಣಪತ್ರ ಅಪ್ಪನ ಮನೆಯ ಟ್ರಂಕಿನಲ್ಲಿ. 'ಅವಳೇ ಬಂದು ಕೇಳಲಿ' ಅಂದ ಅಪ್ಪ. 'ಆ ಹೊಸ್ತಿಲು ತುಳಿಯಲ್ಲ' ಅಂದಳು ಅವ್ವ. ಅಷ್ಟರಲ್ಲಿ ಅರ್ಜಿಯ ಕೊನೆ ದಿನ ಮುಗಿದಿತ್ತು. ತಮ್ಮನನ್ನು ಯಾವಾಗ ನೋಡಿದ್ದೆ ಅಂತ ಕೇಳಿದೆವು. 'ಜಾತ್ರೆಲಿ' ಅಂದಳು. ನಾವು ಬರೆದ ಸುಖಾಂತ್ಯ ಇದು.

ಹಿರಿಯರು ಬೇಡ ಎಂದು ನಾವು ಹೇಳುತ್ತಿಲ್ಲ. ಅವರು ಕೇಳುವ ಪ್ರಶ್ನೆಯೇ ತಪ್ಪು. ಕಟ್ಟೆ ಕೇಳುವುದು 'ಮಗು ಯಾರಿಗೆ?' ಕಾನೂನು ಕೇಳುವುದು 'ಮಗುವಿಗೆ ಯಾವುದು ಒಳ್ಳೆಯದು?' 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ನೋಡಿ, ಹಿಂದೂಗಳಿಗಿರುವ 1956ರ ಪೋಷಕತ್ವ ಕಾಯ್ದೆ ನೋಡಿ, ಗಂಡು ಇತ್ತ ಹೆಣ್ಣು ಅತ್ತ ಎಂಬ ಪಾಲು ಎರಡರಲ್ಲೂ ಇಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎನ್ನುತ್ತದೆ 1956ರ ಕಾಯ್ದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು. ನಮ್ಮ ಕಟ್ಟೆಯಲ್ಲಿ ಮಗುವನ್ನು ಕೇಳಿದವರು ಯಾರು?

'ಕೋರ್ಟಿಗೆ ಅಲೆದರೆ ಚಪ್ಪಲಿ ಸವೆಯುತ್ತೆ' ಅಂತೀರಿ. ಸುಳ್ಳಲ್ಲ. ಆದರೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇದೆ. ಕಟ್ಟೆಯಲ್ಲಿ ಬರೆದ ಬಾಂಡ್ ಪೇಪರಿಗೆ ಆ ಬೆಲೆ ಇಲ್ಲ.

ಕಟ್ಟೆಯಲ್ಲಿ ಕೂರಲೇಬೇಕು ಅಂದರೆ ಏಳುವ ಮುಂಚೆ ಇಷ್ಟು ಬರೆಸಿ. ಮಗು ಎಲ್ಲಿರುತ್ತದೆ? ಯಾವ ಶಾಲೆ? ಆಧಾರ್, ಟಿಸಿ, ಪ್ರಮಾಣಪತ್ರ ಯಾರ ಕೈಯಲ್ಲಿ, ಇನ್ನೊಬ್ಬರಿಗೆ ಜೆರಾಕ್ಸ್ ಕೊಟ್ಟಾಯಿತೇ? ದೂರ ಇರುವವರು ಯಾವ ದಿನ ನೋಡಬೇಕು, ಯಾವ ಹೊತ್ತಿಗೆ ಫೋನ್ ಮಾಡಬೇಕು? ತಿಂಗಳ ಖರ್ಚು ಎಷ್ಟು, ಯಾವ ತಾರೀಖಿಗೆ? ಆದಷ್ಟೂ ಅಕ್ಕ ತಮ್ಮನನ್ನು ಅಗಲಿಸಬೇಡಿ. 'ದುಡ್ಡು ಕೊಟ್ಟರೆ ಮಗು ತೋರಿಸ್ತೀವಿ, ಮಗು ತೋರಿಸಿದರೆ ದುಡ್ಡು ಕೊಡ್ತೀವಿ' ಎಂಬ ವ್ಯಾಪಾರ ಬಿಡಿ. ಮಗುವನ್ನು ಜನರ ನಡುವೆ ನಿಲ್ಲಿಸಿ 'ಯಾರು ಬೇಕು' ಅಂತ ಕೇಳಬೇಡಿ. ಪಕ್ಕಕ್ಕೆ ಕೂರಿಸಿ ಮಾತಾಡಿಸಿ. ಆಮೇಲೆ ಆ ಕಾಗದ ಕಾನೂನು ಸೇವೆಗಳ ಸಮಿತಿಗೆ ಒಯ್ಯಿರಿ.

ಗಂಡ ಹೆಂಡತಿ ಸಂಬಂಧ ಹರಿಯಬಹುದು. ಅಪ್ಪ ಅವ್ವ ಆಗಿರುವುದು ಹರಿಯುವುದಿಲ್ಲ. ಇನ್ನು ಮುಂದೆ ಮಗುವನ್ನು ಮಾತಾಡಿಸದೆ 'ಸುಖಾಂತ್ಯ' ಎಂಬ ಪದವನ್ನು ನಾವು ಬರೆಯುವುದಿಲ್ಲ.