ಶುದ್ಧ ನೀರು, ಅಶುದ್ಧ ಮುಚ್ಚಳ

ಕಳೆದ ವರ್ಷ ಶ್ರಾವಣದಲ್ಲಿ ನಡೆದ ಶಾಲಾ ಕ್ರೀಡಾಕೂಟವೊಂದಕ್ಕೆ ಪ್ರಥಮ ಚಿಕಿತ್ಸೆಯ ಸೇವೆಗೆಂದು ನಾವು ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ಖೋಖೋ ತಂಡದ ಬಾಲಕಿಯೊಬ್ಬಳನ್ನು ಆಕೆಯ ಗೆಳತಿಯರು ಕೈಹಿಡಿದು ಕರೆತಂದರು. ತಲೆನೋವು, ಮೀನಖಂಡದಲ್ಲಿ ಸೆಳೆತ, ಒಣಗಿದ ತುಟಿ. ಬೆಳಗಿನಿಂದ ಎಷ್ಟು ನೀರು ಕುಡಿದಿರುವೆ ಎಂದು ಕೇಳಿದರೆ ಉತ್ತರವಿಲ್ಲ. ಹೆಗಲಲ್ಲಿ ಮಾತ್ರ ತುಂಬಿದ ಬಾಟಲಿಯೊಂದು ತೂಗುತ್ತಿತ್ತು.

"ಯಾಕವ್ವಾ, ನೀರು ಐತಲ್ಲ, ಕುಡೀಲಿಲ್ಲೇನು?"

"ವಾಸನಿ ಬರ್ತದ್ರಿ ಸರ. ದಿನಾ ತೊಳೀತೀನ್ರಿ, ಆದ್ರೂ ಬರ್ತದ."

ನಮ್ಮ ಲೋಟದಲ್ಲಿ ಓಆರ್‌ಎಸ್ ಕಲಸಿ ಕುಡಿಸಿ ನೆರಳಿನಲ್ಲಿ ಕೂರಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಆಕೆ ಚೇತರಿಸಿಕೊಂಡಳು. ಅನಂತರ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿದೆವು. ಒಳಭಾಗ ನಿಜಕ್ಕೂ ಸ್ವಚ್ಛವಾಗಿತ್ತು. ಮೂಗಿಗೆ ಹಿಡಿದಾಗ ಮುಗ್ಗಲು ವಾಸನೆ ಬಂದದ್ದು ಮುಚ್ಚಳದಿಂದ. ಗೆಳತಿಯೊಬ್ಬಳ ಹೇರ್‌ಪಿನ್ ಪಡೆದು ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ಎಬ್ಬಿಸಿ ತೆಗೆದೆವು. ಅದರ ಅಡಿಯಲ್ಲಿ ಸುತ್ತಲೂ ಕಪ್ಪು ಲೋಳೆ; ಹೀರುವ ನಳಿಗೆಯ ಒಳಗೂ ಅದೇ ಬೂಷ್ಟು. ಬಾಲಕಿ ಹೇಳಿದ್ದು ಸುಳ್ಳಲ್ಲ, ಆಕೆ ದಿನವೂ ತೊಳೆಯುತ್ತಿದ್ದಳು. ಆದರೆ ಆ ಉಂಗುರವನ್ನು ಬಿಚ್ಚಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ನಮ್ಮ ಅಭಿಪ್ರಾಯ ದೃಢವಾಗಿದೆ. ಮನೆಮನೆಗಳಲ್ಲಿ ನೀರನ್ನು ಶುದ್ಧಗೊಳಿಸುವುದಕ್ಕೆ ನಾವು ತೋರುತ್ತಿರುವ ಕಾಳಜಿಯ ಒಂದಂಶವೂ ಆ ನೀರು ಬಾಯಿ ಸೇರುವ ದಾರಿಯ ಮೇಲೆ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಶುದ್ಧೀಕರಣ ಯಂತ್ರ ಕೂರಿಸಿದ ಮನೆಯಲ್ಲಿಯೂ ಮಗುವಿನ ಬಾಟಲಿಯ ಮುಚ್ಚಳವನ್ನು ಕೊಂಡ ದಿನದಿಂದ ಯಾರೂ ಬಿಚ್ಚಿ ನೋಡಿರುವುದಿಲ್ಲ.

ನಮ್ಮ ಹಿರಿಯರ ತಂಬಿಗೆಗೆ ಈ ತೊಂದರೆ ಇರಲಿಲ್ಲ. ಹುಣಸೆಹಣ್ಣು, ಬೂದಿಗಳಿಂದ ತಿಕ್ಕುತ್ತಿದ್ದುದೇ ಅದಕ್ಕೆ ಕಾರಣವೆಂದು ಅನೇಕರು ಭಾವಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ತಂಬಿಗೆಯ ಬಾಯಿ ಅಗಲ, ಕೈ ಒಳಗೆ ಹೋಗುತ್ತಿತ್ತು. ತೊಳೆದ ಮೇಲೆ ಅದನ್ನು ಬೋರಲು ಹಾಕುತ್ತಿದ್ದರು, ಅದು ಒಣಗುತ್ತಿತ್ತು. ಮುಖ್ಯವಾದ ಗುಣ ಅದೇ. ಇಂದಿನ ಕ್ರೀಡಾ ಬಾಟಲಿಯಾದರೋ ಓಡುವಾಗ ಸೋರಬಾರದು, ಒಂದೇ ಕೈಯಿಂದ ತೆರೆಯಬೇಕು. ಅದಕ್ಕಾಗಿ ಉಂಗುರ, ಕವಾಟ, ನಳಿಗೆ, ಮಡಚುವ ಮೂತಿ ಇವೆಲ್ಲ ಸೇರಿಕೊಂಡವು. ನೀರು ಹೊರಹೋಗದಂತೆ ತಡೆಯುವ ಪ್ರತಿಯೊಂದು ಸಂದಿಯೂ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿನ ಕಣಗಳು ಗಾಳಿಯಲ್ಲಿ ಸದಾ ಇರುವಂಥವು. ಅವಕ್ಕೆ ಬೇಕಾದುದು ತೇವ, ತುಸು ಆಹಾರ ಮತ್ತು ಯಾರೂ ಕದಡದ ಜಾಗ. ಬಾಯಿಟ್ಟು ಹೀರಿದಾಗ ಎಂಜಲಿನೊಡನೆ ಅನ್ನದ ಕಣಗಳು ಮುಚ್ಚಳ ಸೇರುತ್ತವೆ. ಗ್ಲೂಕೋಸ್, ಶರಬತ್ತು, ಮಜ್ಜಿಗೆ ತುಂಬಿದ ಬಾಟಲಿಯಲ್ಲಂತೂ ಅವಕ್ಕೆ ಹಬ್ಬದೂಟ. ಮಳೆಗಾಲದಲ್ಲಿ ಒಂದೆರಡು ದಿನಗಳೇ ಸಾಕು.

ಇಷ್ಟು ಬರೆದುದನ್ನು ಓದಿ ಯಾರೂ ಗಾಬರಿಗೊಳ್ಳಬೇಕಿಲ್ಲ. ಆರೋಗ್ಯವಂತರ ಹೊಟ್ಟೆ ಸ್ವಲ್ಪ ಬೂಷ್ಟನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಉಬ್ಬಸ, ಅಲರ್ಜಿ ಇರುವವರು ಮತ್ತು ಕ್ಯಾನ್ಸರ್ ಚಿಕಿತ್ಸೆ ಮೊದಲಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಇದನ್ನು ಹಗುರವಾಗಿ ಕಾಣಬಾರದು. ಮಕ್ಕಳ ಕೆಮ್ಮು ನೆಗಡಿಗೆಲ್ಲ ಬಾಟಲಿಯೇ ಮೂಲವೆಂದು ಸಾರುವ ಮಾತುಗಳನ್ನು ನಾವು ಒಪ್ಪುವುದಿಲ್ಲ. ನಮ್ಮ ದೃಷ್ಟಿಯಲ್ಲಿ ದೊಡ್ಡ ಹಾನಿ ಆ ಬಾಲಕಿಗೆ ಆದುದೇ. ತನ್ನ ನೀರು ತನಗೇ ಹೇಸಿಗೆಯಾದ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಆರಂಭವಾದ 'ನೀರಿನ ಗಂಟೆ' ನಮ್ಮ ರಾಜ್ಯಕ್ಕೂ ಬಂದಿತು. ಬಹಳ ಒಳ್ಳೆಯ ಪದ್ಧತಿ. ಆದರೆ ಗಂಟೆ ಬಾರಿಸಿದಾಗ ತೆರೆಯುವ ಮುಚ್ಚಳ ನಾರುತ್ತಿದ್ದರೆ ಗಂಟೆಯಿಂದೇನು ಪ್ರಯೋಜನ?

ಆಯುರ್ವೇದವೂ ಹಳಸಿದ ನೀರನ್ನು ಒಪ್ಪುವುದಿಲ್ಲ. ಕಾಯಿಸಿ ಆರಿಸಿದ ನೀರು ಹಿತಕರವಾದರೂ ರಾತ್ರಿ ಕಳೆದು ಹಳತಾದಾಗ ಅದೇ ನೀರು ಮೂರೂ ದೋಷಗಳನ್ನು ಕೆರಳಿಸುತ್ತದೆಂದು ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಹೇಳಿದ್ದಾನೆ. ನಿನ್ನೆಯ ನೀರಿನ ಮೇಲೆಯೇ ಇಂದಿನ ನೀರು ತುಂಬಿಸುವ ನಮ್ಮ ರೂಢಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಇನ್ನು ತೊಳೆಯುವ ಕ್ರಮ. ಸಂಜೆ ಮನೆಗೆ ಬಂದೊಡನೆ ಉಳಿದ ನೀರನ್ನು ಗಿಡಕ್ಕೆ ಹಾಕಿ, ಮುಚ್ಚಳ, ಉಂಗುರ, ನಳಿಗೆ ಎಲ್ಲವನ್ನೂ ಬಿಡಿಬಿಡಿಯಾಗಿಸಬೇಕು. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನು, ಉದ್ದ ಹಿಡಿಯ ಬ್ರಷ್. ಮುಚ್ಚಳದ ತಿರುಪಿನ ಗೆರೆಗಳಿಗೂ ಉಂಗುರ ಕೂರುವ ಗಾಡಿಗೂ ಇದಕ್ಕೆಂದೇ ಮೀಸಲಿಟ್ಟ ಹಲ್ಲುಜ್ಜುವ ಬ್ರಷ್. ನಳಿಗೆಗೆ ಸಣ್ಣ ಕುಂಚ ಸಿಗುತ್ತದೆ. ಸಿಗದಿದ್ದರೆ ನಳಿಗೆ ಇಲ್ಲದ ಬಾಟಲಿಯನ್ನೇ ಕೊಳ್ಳುವುದು ಲೇಸು. ಬಳಿಕ ರಾತ್ರಿಯಿಡೀ ಬೋರಲಾಗಿ, ಮುಚ್ಚಳ ಹಾಕದೆ ಗಾಳಿಗಿಡಬೇಕು. ತೊಳೆದು ಒದ್ದೆಯಲ್ಲೇ ಮುಚ್ಚಿಟ್ಟರೆ ತೊಳೆದ ಶ್ರಮ ವ್ಯರ್ಥ. ಮಳೆಗಾಲದಲ್ಲಿ ಬೆಳಗಾದರೂ ಒಣಗದಿದ್ದರೆ ಎರಡು ಬಾಟಲಿಗಳನ್ನು ದಿನ ಬಿಟ್ಟು ದಿನ ಬಳಸಬಹುದು.

ಈಗಾಗಲೇ ಬೂಷ್ಟು ಹಿಡಿದಿದ್ದರೆ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬಿಡಿಭಾಗಗಳನ್ನು ನೆನೆಯಿಟ್ಟು ತಿಕ್ಕಬೇಕು. ಅಥವಾ ಬಿಳಿ ವಿನೆಗರ್ ಮತ್ತು ನೀರನ್ನು ಸಮವಾಗಿ ಬೆರೆಸಿ ಅರ್ಧ ಗಂಟೆ ನೆನೆಯಿಡಬೇಕು. ಎರಡನ್ನೂ ಕೂಡಿಸಿದಾಗ ನೊರೆಯುಕ್ಕುವುದನ್ನು ಕಂಡು ಕೆಲವರು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಒಂದು ಇನ್ನೊಂದರ ಶಕ್ತಿಯನ್ನು ಕೊಲ್ಲುತ್ತದೆ. ಬ್ಲೀಚಿಂಗ್ ದ್ರಾವಣಕ್ಕೆ ವಿನೆಗರ್, ನಿಂಬೆರಸ ಅಥವಾ ಯಾವುದೇ ಆಮ್ಲವನ್ನು ಎಂದಿಗೂ ಬೆರೆಸಕೂಡದು. ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ. ತಂತಿ ಬ್ರಷ್ಷಿನಿಂದ ಪ್ಲಾಸ್ಟಿಕ್ ಬಾಟಲಿಯನ್ನು ಕೆರೆಯುವುದೂ ಸಲ್ಲ, ಗೀರು ಬಿದ್ದಷ್ಟೂ ಲೋಳೆಗೆ ಮನೆ. ಎಷ್ಟು ತಿಕ್ಕಿದರೂ ಉಂಗುರದ ಕಪ್ಪು ಹೋಗದಿದ್ದರೆ ಅದನ್ನು ಬದಲಿಸಬೇಕು. ಬದಲಿ ಉಂಗುರ ಮಾರದ ತಯಾರಕರ ಬಾಟಲಿ ಎಷ್ಟೇ ಅಂದವಾಗಿದ್ದರೂ ಅಂಗಡಿಯಲ್ಲೇ ಇರಲಿ.

ಬಾಟಲಿಗೆ ಬೇವಿನ ಕಷಾಯ ಹಾಕಬೇಕೇ, ಅರಿಶಿನ ಹಚ್ಚಬೇಕೇ ಎಂದು ಕೇಳುವವರಿದ್ದಾರೆ. ನಾವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಷಾಯ ಕೊಟ್ಟವರು; ಆದರೂ ಹೇಳುತ್ತೇವೆ, ಬ್ರಷ್ ಮತ್ತು ಗಾಳಿ ಮಾಡುವ ಕೆಲಸವನ್ನು ಕಷಾಯ ಮಾಡಲಾರದು. ತಾಮ್ರದ ಬಾಟಲಿಯಿದ್ದರೆ ಬೂಷ್ಟಿನ ಚಿಂತೆಯೇ ಇಲ್ಲವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತಾಮ್ರಕ್ಕೆ ಸೂಕ್ಷ್ಮಜೀವಿಗಳನ್ನು ತಗ್ಗಿಸುವ ಗುಣ ಉಂಟು, ಆದರೆ ಅದರ ಮುಚ್ಚಳದ ಉಂಗುರ ತಾಮ್ರದ್ದಲ್ಲವಲ್ಲ! ಅದರಲ್ಲಿ ನಿಂಬೆ ಶರಬತ್ತು, ಮಜ್ಜಿಗೆ ತುಂಬಿದರೆ ಹುಳಿಗೆ ತಾಮ್ರ ಕರಗಿ ಓಕರಿಕೆ, ವಾಂತಿ ಆಗುತ್ತದೆ.

ಕ್ರೀಡಾಕೂಟದ ಸಂಗತಿಯನ್ನು ಮನೆಯಲ್ಲಿ ವರ್ಣಿಸುತ್ತಿದ್ದಾಗ ನಮ್ಮ ಶ್ರೀಮತಿಯವರು, "ಮಂದಿ ಬಾಟಲಿ ನೋಡಿದ್ದು ಸಾಕು, ನಿಮ್ದೂ ಒಂದಿಷ್ಟು ನೋಡ್ರಿ" ಎಂದರು. ಬೆಳಗಿನ ವಾಯುವಿಹಾರಕ್ಕೆ ನಾವು ಒಯ್ಯುವುದು ತಾಮ್ರದ ಬಾಟಲಿಯೇ. ಉಂಗುರ ಎಬ್ಬಿಸಿದೆವು. ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ವಿದ್ಯಾರ್ಥಿನಿಲಯಗಳನ್ನು ನಡೆಸುವವರಲ್ಲಿ ನಮ್ಮದೊಂದು ವಿನಂತಿ. ನೂರಾರು ಮಕ್ಕಳು ತಂಗುವ ಕಡೆ ಬಾಟಲಿ ಬೋರಲು ಹಾಕಲು ಜಾಗವೇ ಇರುವುದಿಲ್ಲ. ಮಕ್ಕಳು ಅದನ್ನು ಒದ್ದೆಯಲ್ಲೇ ಟ್ರಂಕಿನೊಳಗೆ ಇಡುತ್ತಾರೆ. ಗಾಳಿಯಾಡುವ ಗೋಡೆಗೆ ಮೊಳೆಗಳಿರುವ ಮರದ ಪಟ್ಟಿಯೊಂದನ್ನು ಹೊಡೆಸಲು ಬಡಗಿಗೆ ಅರ್ಧ ದಿನದ ಕೆಲಸ. ಭಾನುವಾರ ತಲೆಸ್ನಾನದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಉಂಗುರ ಬಿಚ್ಚಿ ತಿಕ್ಕುವ ರೂಢಿ ಮಾಡಿಸಬಹುದು. ಹೆಸರನ್ನು ಮಾತ್ರ ಬಾಟಲಿಯ ಮೇಲೂ ಮುಚ್ಚಳದ ಮೇಲೂ ಬರೆಸಬೇಕು. ಇಲ್ಲವಾದರೆ ಮೊದಲ ವಾರವೇ ಮುಚ್ಚಳಗಳು ಅದಲುಬದಲಾಗಿ ಜಗಳ ವಾರ್ಡನ್ನರ ಕೋಣೆಗೆ ಬರುತ್ತದೆ.